ಎರಡು ಚುಕ್ಕೆಯ ಮದುಮಗಳು

ನೈಲ್ ನದಿ ಸಮುದ್ರಕ್ಕೆ ಬೀಳುವ ಮೊದಲು ಕೊನೆಯ ಸಲ ತಿರುಗಿ ನೋಡುವ ಊರು ದುಮ್ಯಾತ್. ಇಲ್ಲಿ ಹುಟ್ಟಿದ ಗಂಡುಮಗು ಹಾಲಿಗೆ ಬಾಯಿ ಇಡುವ ಮೊದಲು ಉಳಿಗೆ ಕೈ ಹಾಕುತ್ತದೆ ಅನ್ನುತ್ತಾರೆ. ಈಜಿಪ್ಟಿನಲ್ಲಿ ಯಾರ ಮನೆಯಲ್ಲೇ ಮದುವೆಯಾಗಲಿ, ಮಂಚ ನಮ್ಮೂರಿನದು, ಬೀರು ನಮ್ಮೂರಿನದು, ಕನ್ನಡಿಯ ಚೌಕಟ್ಟು ನಮ್ಮೂರಿನದು. ಗಂಡಹೆಂಡಿರ ಜಗಳ ಮಾತ್ರ ಅವರವರದು. ಜೊತೆಗೆ ನಮ್ಮೂರಿನವರ ಕೈ ಸ್ವಲ್ಪ ಬಿಗಿ ಎಂಬ ಅಪವಾದವೂ ಉಂಟು. ನೆಂಟರು ಬಂದರೆ, "ಊಟ ಮಾಡ್ತೀರೋ, ಇಲ್ಲ ಹಗುರಾಗಿ ಮಲಗ್ತೀರೋ?" ಎಂದು ಕೇಳುತ್ತೇವಂತೆ.

ಅಂಥ ಊರು, ಒಂದೇ ವಾರದಲ್ಲಿ, ಇನ್ನೂರು ಗ್ರಾಂ ತೂಕದ ಒಂದು ಪ್ರಾಣಿಗೆ ಚಿನ್ನದ ಬಣ್ಣದ ಮಂಚ, ಮಖಮಲ್ಲಿನ ಸೋಫಾ, ಹತ್ತು ತಾಮ್ರದ ಹಂಡೆ, ಹೊಟ್ಟೆಗೆ ಈರುಳ್ಳಿ ತುಂಬಿ ಹುರಿದ ಒಂಬತ್ತು ಬಾತುಕೋಳಿ ತಂದು ಕೊಟ್ಟಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಎಲ್ಲ ಎರಡು ಚುಕ್ಕೆಯ ಮಹಿಮೆ. ಆ ಎರಡು ಚುಕ್ಕೆ ಇಡದೆ ಬಿಟ್ಟ ಪುಣ್ಯಾತ್ಮನ ಹೆಸರು ಬಸ್ಯೂನಿ.

ಬಸ್ಯೂನಿಗೆ ನಲವತ್ತಾರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗುಮಾಸ್ತ. ತಾಯಿ ಹಾಜ್ಜಾ ನಫೂಸಾ ಇಪ್ಪತ್ತು ವರ್ಷದಿಂದ ಮನೆಗೆ ಹುಡುಗಿಯರನ್ನು ಕರೆಸುತ್ತಿದ್ದಳು; ಅವನು ಇಪ್ಪತ್ತು ವರ್ಷದಿಂದ ಹಿಂಬಾಗಿಲಲ್ಲಿ ಜಾರಿಕೊಳ್ಳುತ್ತಿದ್ದ. ಹುಡುಗಿಯರೆಂದರೆ ದ್ವೇಷವೇನಿಲ್ಲ. ಮುಖ ನೋಡಿ ಮಾತಾಡಬೇಕಲ್ಲ, ಅದೇ ತೊಂದರೆ. ಅವನಿಗಿದ್ದ ಒಂದೇ ಹೆಮ್ಮೆ ತನ್ನ ಅಕ್ಷರ. ಹರೆಯದಲ್ಲಿ ಒಬ್ಬ ಲಿಪಿಗಾರರ ಹತ್ತಿರ ಎರಡು ವರ್ಷದ ಪಾಠಕ್ಕೆ ಸೇರಿ ಮೂರೇ ತಿಂಗಳಿಗೆ ಬಿಟ್ಟಿದ್ದ. ಯಾಕೆಂದು ಕೇಳಿದರೆ, "ಗುರುಗಳ ಹತ್ತಿರ ಇನ್ನೇನೂ ಉಳಿದಿರ್ಲಿಲ್ಲ" ಅನ್ನುತ್ತಿದ್ದ. ಗುರುಗಳೂ ಅದನ್ನು ಒಪ್ಪುತ್ತಿದ್ದರು. 'ತಾಳ್ಮೆ' ಎಂಬ ಒಂದು ಮಾತು ಮಾತ್ರ ಸೇರಿಸುತ್ತಿದ್ದರು.

ಆ ಚಳಿಗಾಲ ಶಾಲೆಯ ಚರಂಡಿ ಪೈಪಿನಲ್ಲಿ ಅವನಿಗೊಂದು ಇರ್ಸಾ ಸಿಕ್ಕಿತು. ಇರ್ಸಾ ಎಂದರೆ ಮುಂಗುಸಿಯ ಕೊನೇ ತಂಗಿಯಂತಿರುವ ಗೇಣುದ್ದದ ಪ್ರಾಣಿ. ಕಂದು ಮೈ, ಬಿಳಿ ಹೊಟ್ಟೆ, ಎರಡು ಕರಿಮೆಣಸು ಇಟ್ಟಂಥ ಕಣ್ಣು. ಗೂಡಿಗೆ ಬೀಗ ಹಾಕಿದರೆ ಬೀಗದ ತೂತಿನಲ್ಲೇ ನುಗ್ಗಿ ಬಾತುಮರಿ ಎತ್ತಿಕೊಂಡು ಹೋಗುತ್ತದೆಂದು ಊರಿನ ಹೆಂಗಸರು ಅದರ ಹೆಸರೆತ್ತಿದರೆ ಮೂರು ಸಲ ಉಗುಳುತ್ತಾರೆ. ಈ ಇರ್ಸಾಳ ಹಿಂಗಾಲು ಮುರಿದಿತ್ತು. ಬಸ್ಯೂನಿ ಅದನ್ನು ಬೂಟಿನ ಡಬ್ಬಿಯಲ್ಲಿಟ್ಟು, ಕಚ್ಚಿಸಿಕೊಂಡು, ರಕ್ತ ಒರೆಸಿಕೊಂಡು, ಡಾಕ್ಟರ್ ದುರ್ರಿಯ್ಯಾ ಅವರ ತಾರಸಿಗೆ ತಂದ.

ದುರ್ರಿಯ್ಯಾ ಪಶುವೈದ್ಯೆ. ತಾವಿದ್ದ ಕಟ್ಟಡದ ತಾರಸಿಯ ಮೇಲೆ ಗಾಯಗೊಂಡ ಕಾಡುಜೀವಗಳನ್ನು ಸಾಕಿಕೊಂಡಿದ್ದರು. ರೆಕ್ಕೆ ಹರಿದ ಒಂದು ಹೆಜ್ಜಾರ್ಲೆ, ನಾಲ್ಕು ಆಮೆ, ಒಂದು ಕುರುಡು ಗೂಬೆ, ಈಗ ಇರ್ಸಾ. ಒಮ್ಮೆ ಆ ತಾರಸಿ ಹತ್ತಿದ ಬಸ್ಯೂನಿ ಇಳಿಯಲಿಲ್ಲ. ದಿನಾ ಶಾಲೆ ಬಿಟ್ಟಮೇಲೆ ಅಲ್ಲೇ ಇರುತ್ತಿದ್ದ. ಆದರೆ ಕಟ್ಟಡದ ಯಜಮಾನ ಮೇಲೊಂದು ಮಹಡಿ ಎತ್ತುತ್ತೇನೆಂದು ಜಾಗ ಬಿಡಿಸಿದ. ನದೀ ದಂಡೆಯಲ್ಲಿ, ಹಿಂದೆ ಬೂತಾಯಿ ಮೀನಿಗೆ ಉಪ್ಪು ಹಾಕುತ್ತಿದ್ದ ಹಾಳು ಷೆಡ್ಡೊಂದು ಸಿಕ್ಕಿತು. ಅದಕ್ಕೆ ಅರ್ಧ ಛಾವಣಿ ಇರಲಿಲ್ಲ, ಬಾಗಿಲು ಇರಲೇ ಇಲ್ಲ, ವಾಸನೆ ಮಾತ್ರ ಪೂರ್ತಿ ಇತ್ತು.

"ಗುರುವಾರ ಮಧ್ಯಾಹ್ನದ ಮೇಲೆ ಇಲಾಖೆಯ ಇನ್‌ಸ್ಪೆಕ್ಟರ್ ಬರ್ತಾರೆ ಉಸ್ತಾದ್," ಅಂದರು ದುರ್ರಿಯ್ಯಾ. "ಸೂರು, ಬಾಗಿಲು, ಸಾಮಾನು ಇರಬೇಕು, ಕೆಲಸಕ್ಕೆ ಹತ್ತು ಜನ ಇರಬೇಕು. ಇಲ್ಲಾಂದ್ರೆ ಪರವಾನಗಿ ಇಲ್ಲ. ಎಲ್ಲವನ್ನೂ ಲಾರಿಯಲ್ಲಿ ಕೈರೋಗೆ ಸಾಗಿಸ್ತಾರೆ. ಉಳಿದವು ಹೇಗೋ ತಡ್ಕೋತಾವೆ. ಇವಳು ಆ ಕಾಲಿಟ್ಕೊಂಡು ಲಾರಿಯಲ್ಲಿ ನಾಲ್ಕು ಗಂಟೆ ಬದುಕೋಲ್ಲ."

ಬಸ್ಯೂನಿ ಡಬ್ಬಿಯೊಳಗೆ ನೋಡಿದ. ಎರಡು ಕರಿಮೆಣಸು ಅವನನ್ನು ನೋಡಿದವು.

"ನನಗೇನು ಕೆಲಸ ಹೇಳಿ ಡಾಕ್ಟರ್."

"ಒಂದೇ ಕೆಲಸ. ಜನಾನೂ ಸಾಮಾನೂ ಬೇಕು ಅಂತ ಒಂದು ಬೋರ್ಡ್ ಬರೆದು ಕಾಫಿ ಅಂಗಡಿ ಎದುರು ತೂಗುಹಾಕಿ. ನಾನು ಪ್ರಿಂಟ್ ಮಾಡಿಸ್ತಿದ್ದೆ..."

"ಪ್ರಿಂಟ್!" ಬಸ್ಯೂನಿಯ ಮುಖ ಹುಳಿ ದ್ರಾಕ್ಷಿ ತಿಂದಂತಾಯಿತು. "ಈ ಕೈ ಇರೋವಾಗ?"

ದುರ್ರಿಯ್ಯಾ ಒಂದು ಚೀಟಿ ಕೊಟ್ಟರು. 'ಗಾಯಗೊಂಡ ಕಾಡುಜೀವಿಗಳ ಆಸರೆಯ ಹೊಸ ಜಾಗಕ್ಕೆ ಸ್ವಯಂಸೇವಕರೂ ಸಾಮಗ್ರಿಯೂ ಬೇಕಾಗಿದೆ' ಎಂದು ಅದರಲ್ಲಿತ್ತು. ಬಸ್ಯೂನಿ ದಾರಿಯಲ್ಲಿ ಅದನ್ನು ಮೂರು ಸಲ ಓದಿ, ಇದಕ್ಕೆ ಕಲ್ಲೂ ಕರಗುವುದಿಲ್ಲ, ದುಮ್ಯಾತಿನವರು ಹೇಗೆ ಕರಗುತ್ತಾರೆ ಎಂದು ಮಡಚಿ ಜೇಬಿಗಿಟ್ಟ. ಹೃದಯ ಮುಟ್ಟಬೇಕು. ಒಂದೇ ಒಂದು ಜೀವದ ಹೆಸರಿರಬೇಕು. ಒಂದು ಪ್ಲೈವುಡ್ ಹಲಗೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದ:

'ಹೊಸ ಮನೆ, ಇರ್ಸಾಗೆ. ಮರ, ಬಾಗಿಲು, ಜಾಲರಿ, ಹಾಸಿಗೆ, ಪಾತ್ರೆ ಮತ್ತು ದುಡಿಯುವ ಕೈಗಳು ಬೇಕು. ಗುರುವಾರ ಮಧ್ಯಾಹ್ನದ ಮೇಲೆ, ಹಳೇ ಮೀನಿನ ಷೆಡ್ಡಿಗೆ ಬನ್ನಿ. ನಿಮ್ಮ ಬಸ್ಯೂನಿ.'

ಇಲ್ಲಿಯ ಲಿಪಿಯಲ್ಲಿ 'ಇರ್ಸಾ' ಎಂದು ಬರೆದರೆ ಕೊನೆಯ ಅಕ್ಷರದ ನೆತ್ತಿಗೆ ಎರಡು ಚುಕ್ಕೆ ಇಡಬೇಕು. ಇಟ್ಟರೆ ಅದು ಈ ಬಾತುಕಳ್ಳಿಯ ಹೆಸರು. ಇಡದಿದ್ದರೆ ಅವೇ ಅಕ್ಷರ ಸೇರಿ 'ಅವನ ಮದುವೆ' ಎಂದಾಗುತ್ತದೆ. ಬಣ್ಣದಂಗಡಿಯವನು ಹಲಗೆ ನೋಡಿ, "ಉಸ್ತಾದ್, ಆ ಕೊನೇದಕ್ಕೆ ಚುಕ್ಕೆ ಬೇಡ್ವಾ?" ಎಂದು ಕೇಳಿಯೂ ಇದ್ದ.

ಬಸ್ಯೂನಿ ನಕ್ಕ. ಮೂರು ತಿಂಗಳ ಪಾಠದಲ್ಲಿ ಅವನಿಗೆ ನೆನಪುಳಿದದ್ದು ಒಂದೇ. "ಅಯ್ಯಾ, ಹಿಂದಿನ ಕಾಲದಲ್ಲಿ ವಿದ್ವಾಂಸರಿಗೆ ಬರೆಯೋವಾಗ ಚುಕ್ಕೆ ಇಟ್ರೆ, 'ನಿನಗೆ ಓದೋಕೆ ಬರಲ್ಲ' ಅಂತ ಬೈದ ಹಾಗೆ! ನಮ್ಮೂರ ಜನಕ್ಕೆ ನಾನು ಅವಮಾನ ಮಾಡ್ಲಾ? ಅದೂ ಅಲ್ದೆ ಆ ಅಕ್ಷರದ ಮೇಲೆ ಇನ್ನೊಂದರ ಬಾಲ ಎಷ್ಟು ಚಂದ ಹರಿದು ಬಂದಿದೆ ನೋಡು. ಅಲ್ಲಿ ಚುಕ್ಕೆ ಇಟ್ರೆ ನೊಣ ಕೂತಂಗೆ ಕಾಣುತ್ತೆ."

ಭಾನುವಾರ ಬೆಳಿಗ್ಗೆ ಬೋರ್ಡು ಏರಿತು. ಮೊದಲು ಓದಿದವಳು ಉಮ್ಮ್ ಸಫ್ವತ್. ಬಸ್ಯೂನಿಯ ಕೆಳಮನೆಯವಳು, ಬಾಲ್ಕನಿಯಲ್ಲಿ ಬಾತು ಸಾಕುವವಳು, ಓದಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಇತಿಹಾಸವೇ ಇಲ್ಲದವಳು.

"ಹೊಸ ಮನೆ, ಅವನ ಮದುವೆಗೆ!" ಎಂದು ಬೀದಿಗೆಲ್ಲ ಓದಿ ಹೇಳಿದಳು. "ಯಾರ ಮದುವೆನಪ್ಪಾ?"

ಮಂಚ ಕೆತ್ತುವ ಝಕಿ ಮೇಸ್ತ್ರಿ ಕಾಫಿ ಲೋಟ ಹಿಡಿದೇ ಎದ್ದು ಬಂದ. "ಕೆಳಗೆ ನೋಡಮ್ಮ. ಬಸ್ಯೂನಿ ಅಂತಿದೆ."

"ಬಸ್ಯೂನೀನಾ! ಹಾಗಾದ್ರೆ 'ನನ್ನ ಮದುವೆ' ಅನ್ಬೇಕಿತ್ತು. 'ಅವನ' ಅಂದ್ರೇನರ್ಥ?"

"ನಾಚಿಕೆ ಕಣಮ್ಮ. ನಲವತ್ತಾರಕ್ಕೆ 'ನನ್ನ' ಅನ್ನೋಕೆ ನಾಲಿಗೆ ಏಳುತ್ತಾ? ಅದೂ ಗುರುವಾರವೇ ಇಟ್ಕೊಂಡಿದಾನೆ ನೋಡು, ಮದುವೆ ದಿನ."

"ಮೀನಿನ ಷೆಡ್ಡಲ್ಲಿ ಸಂಸಾರ ಹೂಡ್ತಾನಂತೆ! ಅಯ್ಯೋ ದೇವರೇ, ಬಾಗಿಲೂ ಇಲ್ವಂತೆ, ಬಾಗಿಲೂ ಕೇಳ್ತಿದಾನೆ!"

ಝಕಿ ಮೇಸ್ತ್ರಿಯ ಮೀಸೆ ಅದುರಿತು. "ದುಮ್ಯಾತಿನ ಗಂಡು, ದುಮ್ಯಾತಿನಲ್ಲಿ, ಹಲಗೆ ಬೇಡಿ ಮದುವೆಯಾಗೋದಾ? ಪಕ್ಕದ ಪೋರ್ಟ್ ಸಯೀದಿನೋರು ಕೇಳಿದ್ರೆ ತಟ್ಟೆಯಲ್ಲಿರೋ ಮೀನಿನ ಜೊತೆ ಸೇರ್ಕೊಂಡು ನಗ್ತಾರೆ!"

ಹೀಗೆ ಅದು ಬಸ್ಯೂನಿಯ ಮದುವೆಯಾಗಿ ಉಳಿಯಲಿಲ್ಲ, ಊರಿನ ಮಾನವಾಯಿತು.

ಉಮ್ಮ್ ಸಫ್ವತ್ ಮೆಟ್ಟಿಲು ಹತ್ತುವಾಗಲೇ ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದಳು. ಬಟಾಣಿ ಬಿಡಿಸುತ್ತಿದ್ದ ಹಾಜ್ಜಾ ನಫೂಸಾಗೆ ಸುದ್ದಿ ತಿಳಿದು, ಮೊದಲು ಬುಟ್ಟಿ ಬಿತ್ತು, ಆಮೇಲೆ ಕಣ್ಣೀರು ಬಿತ್ತು, ಆಮೇಲೆ ಸಿಟ್ಟು ಎದ್ದಿತು. "ಹೆತ್ತವಳಿಗೆ ಹೇಳ್ದೆ ಬೋರ್ಡಿಗೆ ಹೇಳಿದಾನಲ್ಲ!" ಅಂದಳು. ಆದರೆ ಅವಳು ಇಪ್ಪತ್ತು ವರ್ಷದ ಅನುಭವಿ. ಕಣ್ಣೊರೆಸಿಕೊಂಡು ಕೂಡಲೇ ಇಡೀ ಬೀದಿಗೆ ಕಟ್ಟಪ್ಪಣೆ ಮಾಡಿದಳು: "ಯಾರೂ ಅವನೆದುರು ಮದುವೆ, ಹೆಣ್ಣು, ಗಂಡು ಅಂತ ಬಾಯಿ ಬಿಡಬಾರ್ದು. ಆ ಮಾತು ಕಿವಿಗೆ ಬಿದ್ರೆ ಹಿಂಬಾಗಿಲಲ್ಲಿ ಓಡ್ತಾನೆ ನನ್ನ ಮಗ. ಗುರುವಾರದವರೆಗೆ ಉಸಿರು ಬಿಗಿಹಿಡೀರಿ. ಯಾರ ಮನೆ ಮಗಳಾದ್ರೂ ಸರಿ, ಮೂಗು ಒಂದಿದ್ರೆ ಸಾಕು."

ಆದ್ದರಿಂದ ಸೋಮವಾರ ಬಸ್ಯೂನಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಬರಿದೇ, "ಮಬ್ರೂಕ್! ಹೊಸ ಮನೆಗೆ ಮಬ್ರೂಕ್!" ಎಂದು ಹಾರೈಸಿ ಕಣ್ಣು ಮಿಟುಕಿಸಿದರು. ಹೊಸ ಮನೆಗೆ ಹಾಗೆ ಹಾರೈಸುವುದು ವಾಡಿಕೆ. ಬಸ್ಯೂನಿ, ಅಕ್ಷರ ಕೆಲಸ ಮಾಡುತ್ತಿದೆ ಎಂದು ಹಿಗ್ಗಿದ. ಝಕಿ ಮೇಸ್ತ್ರಿ ಅವನನ್ನು ಅಂಗಡಿಯೊಳಗೆ ಎಳೆದುಕೊಂಡು ಅಳತೆಪಟ್ಟಿ ಬಿಚ್ಚಿದ.

"ನಾಚ್ಕೋಬೇಡಿ ಉಸ್ತಾದ್. ಅವಳ ಎತ್ತರ ಎಷ್ಟು?"

ಇಲ್ಲಿಯವರ ಮಾತಿನಲ್ಲಿ ಇರ್ಸಾ ಕೂಡ 'ಅವಳು'. ಬಸ್ಯೂನಿ ಮೇಸ್ತ್ರಿಯನ್ನೇ ಕಣ್ಣರಳಿಸಿ ನೋಡಿದ. ಒಂದು ಇರ್ಸಾಳ ಅಳತೆ ಕೇಳುವ ಮೇಸ್ತ್ರಿ ಈ ಲೋಕದಲ್ಲಿ ಇದ್ದಾನಲ್ಲ!

"ತುಂಬಾ ಪುಟ್ಟವಳು ಮೇಸ್ತ್ರಿ. ಒಂದೇ ಕೈಯಲ್ಲಿ ಎತ್ಕೋಬಹುದು."

"ಎತ್ಕೊಂಡಿದೀರಾ?" ಮೇಸ್ತ್ರಿ ಹೌಹಾರಿದ.

"ದಿನಾ ಎತ್ಕೋತೀನಿ. ಕಾಲು ಮುರಿದಿದೆ. ಊರಬಾರ್ದು ಅಂತ ಡಾಕ್ಟರಮ್ಮ ಹೇಳಿದಾರೆ."

"ಪಾಪ! ಎಲ್ಲಿ ಪರಿಚಯ ಆಯ್ತು?"

"ಚರಂಡಿ ಪೈಪಲ್ಲಿ. ಸಿಕ್ಕಾಕೊಂಡು ಕಿರುಚ್ತಿದ್ಲು. ನಾನೇ ಎಳೆದು ತೆಗೆದೆ."

ಮೇಸ್ತ್ರಿ ಒಂದು ಸ್ಟೂಲು ಹುಡುಕಿ ಕೂತ. "ಅವಳ ಮನೆಯೋರು?"

"ಯಾರಿಗೆ ಗೊತ್ತು? ಆ ವಂಶವೇ ಕಳ್ಳರ ವಂಶ ಅಂತಾರೆ ಜನ. ಇವಳ ತಪ್ಪೇನಿದೆ ಹೇಳಿ."

"ಊಟ... ಊಟ ಎಲ್ಲ ಮಾಡ್ತಾಳೆ ತಾನೆ?"

"ಹಸಿ ಮಾಂಸ. ಮೊಟ್ಟೆ ಕೊಟ್ರೆ ತೂತು ಮಾಡಿ ಹೀರ್ತಾಳೆ. ಮೊದಲ ದಿನ ನೋಡಿ, ನನ್ನ ಬೆರಳೇ ಕಚ್ಚಿಬಿಟ್ಲು." ಬಸ್ಯೂನಿ ಪಟ್ಟಿ ಕಟ್ಟಿದ ಬೆರಳನ್ನು ಹೆಮ್ಮೆಯಿಂದ ತೋರಿಸಿದ.

"ನಾನು ಮೂವತ್ತು ವರ್ಷ ಸಂಸಾರ ಮಾಡಿದೋನು ಉಸ್ತಾದ್," ಅಂದ ಮೇಸ್ತ್ರಿ ಮೆಲ್ಲಗೆ. "ಕಚ್ಚೋದು ಇದ್ದದ್ದೇ. ಮೊದಲ ದಿನವೇ ಶುರು ಮಾಡಿದೋಳ ಸುದ್ದಿ ಇದೇ ಮೊದಲು ಕೇಳ್ತಿರೋದು."

"ಅವಳೊಬ್ಬಳೇ ಅಂದ್ಕೋಬೇಡಿ. ಜೊತೆಗೆ ಇನ್ನೂ ಆರು ಜನ ಬರ್ತಾರೆ. ಅದರಲ್ಲಿ ಒಬ್ಬಳಿಗೆ ಕಣ್ಣೇ ಕಾಣಲ್ಲ. ಎಲ್ಲರನ್ನೂ ಸಾಕ್ಬೇಕು."

ಝಕಿ ಮೇಸ್ತ್ರಿ ಎದ್ದು ಬಸ್ಯೂನಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಗಿರಾಕಿಯೊಬ್ಬನಿಗೆಂದು ಮಾಡಿಟ್ಟಿದ್ದ ಚಿನ್ನದ ಬಣ್ಣದ ಮಂಚಕ್ಕೆ ಅಂಟಿಸಿದ್ದ ಗಿರಾಕಿಯ ಹೆಸರನ್ನು ಕಿತ್ತು ಬಿಸಾಡಿದ.

ಸಂಜೆಯೊಳಗೆ ಬೀದಿಗೆಲ್ಲ ತಿಳಿಯಿತು. ಬಸ್ಯೂನಿಯ ಹೆಂಡತಿಯಾಗುವವಳು ಕುಂಟಿ, ಕುಳ್ಳಿ, ಕಳ್ಳರ ವಂಶದವಳು, ಹಸಿ ಮಾಂಸ ತಿನ್ನುತ್ತಾಳೆ, ಕಚ್ಚುತ್ತಾಳೆ, ಬರುವಾಗ ಆರು ಜನ ನೆಂಟರನ್ನು ಕಟ್ಟಿಕೊಂಡು ಬರುತ್ತಾಳೆ. ಹಾಜ್ಜಾ ನಫೂಸಾ ಎಲ್ಲ ಕೇಳಿಸಿಕೊಂಡು, "ಬರಲಿ. ನನ್ನ ಅತ್ತೇನೂ ಕಚ್ತಿದ್ರು," ಎಂದಳು. ಇಪ್ಪತ್ತು ವರ್ಷದಿಂದ ಸೊಸೆಗೆಂದು ಕೂಡಿಟ್ಟಿದ್ದ ತಾಮ್ರದ ಹಂಡೆಗಳನ್ನು ಮಂಚದ ಕೆಳಗಿನಿಂದ ಎಳೆದು ಹುಳಿ ಹಚ್ಚಿ ತಿಕ್ಕಲು ಕೂತಳು.

ಮಂಗಳವಾರ ಹತ್ತಿ ಹಿಂಜುವವನು ಬಂದು ನಡುಬೀದಿಯಲ್ಲೇ ಹಾಸಿಗೆ ತುಂಬಿಸಿದ. ಮದುಮಗಳ ಹಾಸಿಗೆ ತುಂಬಿಸುವಾಗ ಡೋಲು ಬಾರಿಸುವುದು ಪದ್ಧತಿ, ಬಾರಿಸಿದರು. ಬುಧವಾರ ಜಾಲರಿ ಬಂತು. ಬಸ್ಯೂನಿ ಕೇಳಿದ್ದು ಕಬ್ಬಿಣದ್ದು. ಬಂದದ್ದು ಮಂಚದ ಸೊಳ್ಳೆಪರದೆ, ಹನ್ನೊಂದು, ಎಲ್ಲಕ್ಕೂ ಗುಲಾಬಿ ರಿಬ್ಬನ್. ಬಾಗಿಲನ್ನು ನಾಲ್ಕು ಜನ ಹೊತ್ತು ತಂದು ಷೆಡ್ಡಿಗೆ ಕೂರಿಸಿದರು. ಅದರ ಮೇಲೆ ಕೆತ್ತಿದ ಎರಡು ಪಾರಿವಾಳ ಕೊಕ್ಕಿಗೆ ಕೊಕ್ಕು ಕೊಟ್ಟಿದ್ದವು.

ದುರ್ರಿಯ್ಯಾಗೆ ತಾರಸಿ ಬಿಟ್ಟು ಕದಲಲು ಆಗುತ್ತಿರಲಿಲ್ಲ. ಬಸ್ಯೂನಿಯೇ ಹೋಗಿ ವರದಿ ಒಪ್ಪಿಸುತ್ತಿದ್ದ.

"ಡಾಕ್ಟರ್, ಮಂಚ ಬಂತು. ಜೋಡಿ ಮಂಚ."

"ಮಂಚ ಯಾಕೆ?"

"ಹೆಜ್ಜಾರ್ಲೆಗೆ ಇರಬಹುದು. ರೆಕ್ಕೆ ಚಾಚ್ಕೊಂಡು ಮಲಗೋಕೆ."

"ಸರಿ, ಮರ ಮರವೇ. ಬಿಚ್ಚಿ ಗೂಡು ಮಾಡ್ಕೊಳೋಣ. ಜನ?"

"ಜನ ಎಂಥ ಜನ! ಕಣ್ಣಲ್ಲಿ ನೀರು ಹಾಕ್ಕೊಂಡು ಕೆಲಸ ಮಾಡ್ತಿದಾರೆ. ಪ್ರಾಣಿಗಳಂದ್ರೆ ಇಷ್ಟು ಪ್ರೀತಿ ಅಂತ ನನಗೂ ಗೊತ್ತಿರ್ಲಿಲ್ಲ."

ಗುರುವಾರ ಮಧ್ಯಾಹ್ನ ಹಾಜ್ಜಾ ನಫೂಸಾ ಮಗನ ಮುಂದೆ ಹೊಸ ಸೂಟು ಹಿಡಿದು ನಿಂತಳು. "ಇವತ್ತು ಯಾರೋ ದೊಡ್ಡವರು ಬರ್ತಾರಂತಲ್ಲ, ಹಾಕ್ಕೋ."

"ಹೌದಮ್ಮ. ಸರ್ಕಾರದ ಸಾಹೇಬರು, ದಪ್ಪ ಪುಸ್ತಕ ತಗೊಂಡು ಬರ್ತಾರೆ. ನಾಲ್ಕು ಪ್ರಶ್ನೆ ಕೇಳ್ತಾರೆ. ಅವರೂ ನಾನೂ ರುಜು ಹಾಕಿದ್ರೆ ಮುಗೀತು."

ಮದುವೆ ನೋಂದಾಯಿಸುವವರು ಮಾಡುವುದೂ ಇಷ್ಟೇ. ಹಾಜ್ಜಾ ಅವನ ಕಾಲರ್ ಸರಿಮಾಡುತ್ತ, "ರುಜು ಹಾಕೋವಾಗ ಕೈ ನಡುಗಬಾರ್ದು ಮಗನೇ" ಅಂದಳು. ಸರಿಯಾಗಿದ್ದ ಕಾಲರನ್ನು ಇನ್ನೊಮ್ಮೆ ಸರಿಮಾಡಿದಳು.

ಇನ್‌ಸ್ಪೆಕ್ಟರ್ ಫಹ್ಮಿ ಸಾಹೇಬರು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಲ್ಲಿಗೆ ಹೋದರೂ ನಾಯಿ ಬಿಟ್ಟು ಬೇರೆ ಯಾರೂ ಎದುರುಗೊಂಡದ್ದಿಲ್ಲ. ಮೀನಿನ ಷೆಡ್ಡಿನ ಹತ್ತಿರ ಅವರು ಕಾರಿನಿಂದ ಇಳಿದದ್ದೇ ತಡ, ಡೋಲು ಬಡಿಯಿತು. ಹೆಂಗಸರು ಕೇಕೆ ಹಾಕಿ ತಲೆಗೆ ಗುಲಾಬಿ ಪಕಳೆ ಸುರಿದರು. ಒಬ್ಬರು ಶರಬತ್ತು ಕೊಟ್ಟರು, ಇನ್ನೊಬ್ಬರು ಜಿಲೇಬಿಗೆ ದೊಡ್ಡಪ್ಪನಂತಿರುವ ನಮ್ಮೂರ ಮುಷಬ್ಬಕ್ಕನ್ನು ಬಾಯಿಗೇ ಇಟ್ಟರು. ಅರ್ಧ ಛಾವಣಿಯಿಲ್ಲದ ಕಡೆ ಕೆಂಪು ಶಾಮಿಯಾನ ಎದ್ದಿತ್ತು. ಒಳಗೆ ಸೂಟು ಬೂಟಿನ ಇನ್ನೂರು ಜನ. ಸಾಹೇಬರು ಬಾಯಿ ತುಂಬ ಸಿಹಿ ಇಟ್ಟುಕೊಂಡೇ, "ಆಸರೆ ಕೇಂದ್ರ... ಇದೇನಾ?" ಎಂದು ಕೇಳಿದರು.

"ಇದೇ ಸಾಹೇಬ್ರೇ, ಪಾಪದವಳಿಗೆ ಇದೇ ಆಸರೆ!" ಎಂದು ಉಮ್ಮ್ ಸಫ್ವತ್ ಅವರನ್ನು ಸೋಫಾದಲ್ಲಿ ಕೂರಿಸಿದಳು.

ಬಸ್ಯೂನಿ ಎದುರಿಗೆ ಕೂತ. ಸಾಹೇಬರು ಪುಸ್ತಕ ತೆರೆದರು. ಇನ್ನೂರು ಜನ ಉಸಿರು ಹಿಡಿದರು. ದುರ್ರಿಯ್ಯಾ ಪ್ರಾಣಿಗಳನ್ನು ಹೇರಿಕೊಂಡು ಇನ್ನೂ ದಾರಿಯಲ್ಲಿದ್ದರು.

"ಜವಾಬ್ದಾರಿ ಯಾರದು?"

"ನನ್ನದು ಸಾಹೇಬ್ರೇ," ಅಂದ ಬಸ್ಯೂನಿ. ಹಾಜ್ಜಾ ಕಣ್ಣೊತ್ತಿಕೊಂಡಳು.

"ಊಟ, ಔಷಧ, ಶುಚಿ?"

"ಎಲ್ಲ ನನ್ನ ಕೈಯಿಂದಲೇ. ಮೈಯುಜ್ಜೋದೂ ನಾನೇ." ಹೆಂಗಸರ ಗುಂಪು ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ ನೋಡಿತು.

"ಎಷ್ಟು ದಿನ ಇಟ್ಕೋತೀರಿ?"

"ಕಾಲು ವಾಸಿಯಾಗೋವರೆಗೆ. ನಲವತ್ತು ದಿನ ಅಂದ್ಕೊಳ್ಳಿ. ಆಮೇಲೆ ಬಿಟ್ಬಿಡ್ತೀನಿ."

ಡೋಲಿನವನ ಕೋಲು ಕೈಜಾರಿತು.

"ಬಿಟ್ಬಿಡ್ತಾನಂತೆ!" ಎಂದು ಯಾರೋ ಚೀರಿದರು.

ಸ್ವಂತ ಪ್ರಶ್ನೆಯ ಗುಂಗಿನಲ್ಲಿದ್ದ ಸಾಹೇಬರು, "ಎಲ್ಲಿ ಬಿಡ್ತೀರಿ?" ಎಂದು ಕೇಳುತ್ತ ಬರೆದುಕೊಂಡರು.

"ಸಿಕ್ಕಿದ ಜಾಗದಲ್ಲೇ ಬಿಡಬೇಕು, ಅದೇ ನಿಯಮ ಅಲ್ವಾ. ಆ ಚರಂಡಿ ಹತ್ತಿರ. ಅವಳದಾದ್ಮೇಲೆ ಬೇರೆಯವಳು ಬರ್ತಾಳೆ, ಜಾಗ ಖಾಲಿ ಇರಲ್ಲ."

ಮೊದಲು ಬಂದದ್ದು ಹಾಜ್ಜಾಳ ಎಡಗಾಲಿನ ಚಪ್ಪಲಿ. ಅದು ಬಸ್ಯೂನಿಯ ಕಿವಿ ಸವರಿ ಮಂಚದ ಚಿನ್ನದ ತಲೆಹಲಗೆಗೆ ಬಡಿಯಿತು. "ನಲವತ್ತಾರು ವರ್ಷ ಹಾಲೆರೆದು ಸಾಕಿದ್ದು ಇದಕ್ಕೇನೋ! ಕುಂಟಿ ಅಂತ ಬಿಡ್ತೀಯೇನೋ! ಚರಂಡಿಗೆ ಎಸೀತೀಯೇನೋ!" ಬಲಗಾಲಿನದು ಸಾಹೇಬರ ಪುಸ್ತಕದ ಮೇಲೆ ಬಿತ್ತು. ಝಕಿ ಮೇಸ್ತ್ರಿ ತೋಳು ಮಡಚಿದ. ಬಸ್ಯೂನಿ ಸೋಫಾದ ಹಿಂದೆ ಹೋಗಿ, "ಅಮ್ಮಾ, ಕಾಡಿನದ್ದನ್ನ ಕಟ್ಟಿಹಾಕಿದ್ರೆ ಪಾಪ ಬರುತ್ತಮ್ಮಾ!" ಎಂದು ಕೂಗಿದ. ಅದು ಯಾರಿಗೂ ಸಮಾಧಾನ ತರಲಿಲ್ಲ.

ಆಗ ಪಾರಿವಾಳದ ಬಾಗಿಲು ತೆರೆದು ದುರ್ರಿಯ್ಯಾ ಒಳಗೆ ಬಂದರು. ಕೈಯಲ್ಲಿ ಬಿಳಿ ಬಟ್ಟೆ ಹೊದಿಸಿದ ಒಂದು ಪಂಜರ.

"ಎಲ್ಲಿ ಅವಳು? ನನ್ನ ಸೊಸೆ ಎಲ್ಲಿ?" ಎಂದು ಹಾಜ್ಜಾ ನುಗ್ಗಿದಳು.

"ಯಾರಮ್ಮ? ಇರ್ಸಾಳಾ? ಇಲ್ಲೇ ಇದಾಳೆ."

ಹಾಜ್ಜಾ ಬಟ್ಟೆ ಸರಿಸಿದಳು. ಕಾಲಿಗೆ ಐಸ್‌ಕ್ರೀಮ್ ಕಡ್ಡಿ ಕಟ್ಟಿಸಿಕೊಂಡ ಗೇಣುದ್ದದ ಜೀವ ಎದ್ದು ನಿಂತು, ಮೂಗು ಎತ್ತಿ, ಅತ್ತೆಯನ್ನು ಮೂಸಿತು. ಮೂಗು ಒಂದೇ ಇತ್ತು.

ಇನ್ನೂರು ಜನ ಒಟ್ಟಿಗೆ ಸುಮ್ಮನಾದರೆ ನದಿ ಹರಿಯುವುದು ಕೇಳಿಸುತ್ತದೆ. ಕೇಳಿಸಿತು. ಆಮೇಲೆ ಬಣ್ಣದಂಗಡಿಯವನು ಹಿಂದಿನಿಂದ, "ನಾನು ಅವತ್ತೇ ಹೇಳ್ದೆ, ಚುಕ್ಕೆ ಬೇಡ್ವಾ ಅಂತ," ಅಂದ.

ಉಮ್ಮ್ ಸಫ್ವತ್ ಎದೆ ಬಡಿದುಕೊಂಡಳು. "ನನ್ನ ಹದಿನಾಲ್ಕು ಬಾತು ತಿಂದೋಳಿಗೆ ಹದಿನೈದನೇದನ್ನ ನಾನೇ ಹುರಿದು ತಂದೆನಲ್ಲೋ! ಈರುಳ್ಳಿ ಬೇರೆ ತುಂಬಿದೆನಲ್ಲೋ!" ಝಕಿ ಮೇಸ್ತ್ರಿ ಹೋಗಿ ಮಂಚದ ಒಂದು ತುದಿ ಎತ್ತಿದ. ಅವನನ್ನು ನೋಡಿ ಸೋಫಾದವರು ಸೋಫಾ ಎತ್ತಿದರು. ಸಾಹೇಬರು ಇನ್ನೂ ಅದರ ಮೇಲೆಯೇ ಇದ್ದರು.

"ಒಂದು ನಿಮಿಷ," ಅಂದರು ಅವರು ಗಾಳಿಯಲ್ಲಿ. "ಇವೆಲ್ಲ ಕೊಟ್ಟಿದ್ದೋ, ಎರವಲೋ? ಎರವಲಾದ್ರೆ ಪರವಾನಗಿ ಇಲ್ಲ. ಲಾರಿ ಹೊರಗೆ ನಿಂತಿದೆ."

ದುರ್ರಿಯ್ಯಾ ಪಂಜರವನ್ನು ಕೆಳಗಿಟ್ಟರು. ಬಸ್ಯೂನಿಗೆ ಓಡಿಹೋಗಬೇಕೆನ್ನಿಸಿತು. ಆ ಷೆಡ್ಡಿಗೆ ಕದವಿಲ್ಲದ ಹಿಂಬಾಗಿಲೂ ಇತ್ತು, ಬುಧವಾರ ಅವನೇ ಗುಡಿಸಿದ್ದ. ಅದರ ಕಡೆ ಒಂದು ಹೆಜ್ಜೆ ಇಟ್ಟವನು ತಿರುಗಿ ಬಂದು ಪಂಜರದ ಪಕ್ಕ ನೆಲದ ಮೇಲೆ, ಹೊಸ ಸೂಟಿನಲ್ಲೇ ಕೂತ. "ಅಮ್ಮಾ," ಅಂದ, "ಬೈಯೋದಾದ್ರೆ ನನ್ನ ಬೈಯಿ. ಲಾರಿಗೆ ಹಾಕಿದ್ರೆ ಇವಳು ಸಾಯ್ತಾಳೆ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮಗ ಹಿಂಬಾಗಿಲು ಬಿಟ್ಟು ಬಂದದ್ದನ್ನು ಹಾಜ್ಜಾ ನಫೂಸಾ ನೋಡಿದಳು. ಒಂದು ಚಪ್ಪಲಿ ಹುಡುಕಿ ಕಾಲಿಗೆ ಹಾಕಿಕೊಂಡಳು. ಇನ್ನೊಂದು ಸಿಗಲಿಲ್ಲ. ಹಾಗೇ ನಿಂತು, ಒಲೆ ಮುಂದೆ ಕೂತು ಕಥೆ ಹೇಳುವವರ ದನಿಯಲ್ಲಿ ಶುರು ಮಾಡಿದಳು:

"ನನ್ನ ಅಜ್ಜಿ ಹೇಳ್ತಿದ್ರು. ಇರ್ಸಾ ಮೊದಲು ಪ್ರಾಣಿಯೇ ಅಲ್ಲ. ಇದೇ ದಂಡೆಯ ಒಬ್ಬ ಹುಡುಗಿ. ಮದುವೆ ದಿನ ಊರೋರು ಮಂಚ ಕೊಟ್ರು, ಮಖಮಲ್ಲು ಕೊಟ್ರು. ಸಂಜೆಗೆ ಏನೋ ಒಂದು ಮಾತು ಬಂತು, ಎಲ್ಲ ವಾಪಸ್ ಹೊತ್ಕೊಂಡು ಹೋದ್ರು. ಹುಡುಗಿ ಅತ್ತಳು. ಅತ್ತೂ ಅತ್ತೂ ಸಣ್ಣಗಾದಳು, ಗೇಣಷ್ಟಾದಳು, ಗೋಡೆ ಬಿರುಕಲ್ಲಿ ಇಳಿದು ಹೋದಳು. ಅವತ್ತಿಂದ ಅವಳಿಗೆ ಮದುವೆ ಸಾಮಾನು ಕಂಡ್ರೆ ಹಲ್ಲು ಕಡಿಯುತ್ತೆ. ಮಖಮಲ್ಲು ಹರೀತಾಳೆ. ಹತ್ತಿ ಕಿತ್ತು ಹಾಕ್ತಾಳೆ. ಅವಳೊಬ್ಬಳೇ ಬರಲ್ಲ, ವಂಶದೋರನ್ನೆಲ್ಲ ಕರ್ಕೊಂಡು ಬರ್ತಾಳೆ." ಹಾಜ್ಜಾ ತಿರುಗಿದಳು. "ಝಕಿ ಮೇಸ್ತ್ರೀ, ನಿಮ್ಮ ಗೋದಾಮಲ್ಲಿ ಸೋಫಾ ಎಷ್ಟಿದೆ?"

ಶಾಮಿಯಾನದಲ್ಲಿದ್ದ ಇನ್ನೂರು ಜನರಲ್ಲಿ ನೂರ ಎಂಬತ್ತು ಜನ ಪೀಠೋಪಕರಣದವರು. ಎಲ್ಲರ ಕಣ್ಣೂ ಪಂಜರಕ್ಕೆ ಹೋಯಿತು. ಇರ್ಸಾ ಆಕಳಿಸಿತು. ಸೂಜಿಯಂಥ ಹಲ್ಲುಗಳು ಒಂದೊಂದೂ ಕಂಡವು.

ಮೇಸ್ತ್ರಿ ಮಂಚವನ್ನು ಮಗುವನ್ನು ಇಳಿಸಿದಷ್ಟು ಮೆಲ್ಲಗೆ ಇಳಿಸಿದ. "ಸ್ವಲ್ಪ ಸೊಟ್ಟಗಿತ್ತು ಹಾಜ್ಜಾ. ನೇರ ಮಾಡ್ತಿದ್ದೆ."

ಸೋಫಾ ಸಾಹೇಬರ ಸಮೇತ ನೆಲ ಮುಟ್ಟಿತು. ಅವರು ಚಪ್ಪಲಿ ಪಕ್ಕಕ್ಕಿಟ್ಟು ಬರೆದರು. ಛಾವಣಿ: ಇದೆ, ಜರಿ ಅಂಚಿನದು. ಬಾಗಿಲು: ಇದೆ, ಪಾರಿವಾಳ ಸಹಿತ. ಸ್ವಯಂಸೇವಕರು: ಹತ್ತು ಬೇಕಿತ್ತು, ಇನ್ನೂರು ಹಾಜರು, ಎಲ್ಲರೂ ಶುಭ್ರ ಉಡುಪಿನಲ್ಲಿ. ರುಜು ಹಾಕಿ ಮೊಹರು ಒತ್ತುವಾಗ ಹೆಂಗಸರಿಗೆ ತಡೆಯಲಾಗಲಿಲ್ಲ, ಕೇಕೆ ಹೊಡೆದುಬಿಟ್ಟರು. ಉಮ್ಮ್ ಸಫ್ವತ್, "ಹದಿನಾಲ್ಕು ಕದ್ದು ತಿಂದ್ಲು. ಹದಿನೈದನೇದಾದ್ರೂ ಕೂತು ತಿನ್ಲಿ," ಎಂದು ಬಾತಿನ ತೊಡೆ ಮುರಿದು ಪಂಜರಕ್ಕೆ ಹಾಕಿದಳು. ಅಷ್ಟು ಸಿಹಿ, ಅಷ್ಟು ಬಾತು ಇರುವಾಗ ಯಾರೂ ಹಗುರಾಗಿ ಮಲಗಬೇಕಾಗಿ ಬರಲಿಲ್ಲ.

ಹಾಜ್ಜಾ ಮಾತ್ರ ಹಂಡೆಗಳ ಮುಂದೆ ಕೂತು ಒಂದೊಂದನ್ನೂ ಮತ್ತೊಮ್ಮೆ ಒರೆಸಿದಳು. ಆಮೇಲೆ ಎದ್ದು ದೊಡ್ಡ ಹಂಡೆಗೆ ನೀರು ತುಂಬಿ ನಾಲ್ಕು ಆಮೆಗಳನ್ನು ಅದರೊಳಗೆ ಬಿಟ್ಟಳು.

ಮಾರನೆಯ ದಿನದಿಂದ ಅವಳು ಬೆಳಿಗ್ಗೆ ಬೆಳಿಗ್ಗೆ ಹಸಿ ಮೊಟ್ಟೆ ಹಿಡಿದು ಷೆಡ್ಡಿಗೆ ಬರತೊಡಗಿದಳು. ಬಂದು ಕೂತು ದುರ್ರಿಯ್ಯಾ ಹತ್ತಿರ ದೂರು ಹೇಳುತ್ತಿದ್ದಳು: "ಹಗಲೆಲ್ಲ ಮಲಗಿರ್ತಾಳೆ. ತಿಂದ ತಟ್ಟೆ ಎತ್ತಲ್ಲ. ಕರೆದ್ರೆ ತಿರುಗಿ ನೋಡಲ್ಲ." ಆ ದೂರಿನಲ್ಲಿ ಇಪ್ಪತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಸುಖವಿತ್ತು. ಝಕಿ ಮೇಸ್ತ್ರಿ ಶುಕ್ರವಾರ ಶುಕ್ರವಾರ ಬಂದು ಗೂಡು ಮಾಡುತ್ತಿದ್ದ. ಎಷ್ಟು ಹೇಳಿದರೂ ಗೂಡಿನ ಕಾಲಿಗೆ ಬಳ್ಳಿ ಹೂವು ಕೆತ್ತದೆ ಬಿಡುತ್ತಿರಲಿಲ್ಲ.

ನಲವತ್ತನೇ ದಿನ ಇರ್ಸಾಳ ಕಾಲಿನ ಕಡ್ಡಿ ಬಿಚ್ಚಿದರು. ಚರಂಡಿಯ ಹತ್ತಿರ ಪಂಜರದ ಬಾಗಿಲು ತೆಗೆದಾಗ ಬೀದಿಯ ಅರ್ಧ ಜನ ನೋಡಲು ಬಂದಿದ್ದರು. ಅವಳು ಕೆಳಗಿಳಿದು, ಹಾಸಿದ್ದ ಕೆಂಪು ಮಖಮಲ್ಲಿನ ಚೂರನ್ನು ಬಾಯಲ್ಲಿ ಕಚ್ಚಿಕೊಂಡು, ಒಂದೇ ನೆಗೆತಕ್ಕೆ ಪೈಪಿನೊಳಗೆ ಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ.

"ಮದುವೆ ಬಟ್ಟೆ ಸಮೇತ ತವರಿಗೆ ಹೋದಳು ಅಂದ್ಕೊಳ್ಳೋದಾ?" ಅಂದಳು ಹಾಜ್ಜಾ ಮೂಗು ಒರೆಸಿಕೊಳ್ಳುತ್ತ.

ಸಂಜೆಯೊಳಗೆ ಬಸ್ಯೂನಿಯ ಹೆಂಡತಿ ನಲವತ್ತೇ ದಿನಕ್ಕೆ ಬಿಟ್ಟುಹೋದಳಂತೆ ಎಂದು ಊರ ಆ ತುದಿಗೆ ಸುದ್ದಿ ಮುಟ್ಟಿತು. ಗೊತ್ತಿಲ್ಲದ ಇಬ್ಬರು ಬಂದು ಅವನ ಹೆಗಲು ತಟ್ಟಿ, ದೇವರು ಇನ್ನೂ ಒಳ್ಳೆಯವಳನ್ನು ಕೊಡಲಿ ಎಂದರು. ದೇವರು ಮೂರೇ ದಿನದಲ್ಲಿ ಕೊಟ್ಟ: ಬಲೆಯಲ್ಲಿ ಸಿಕ್ಕಿ ಕೊಕ್ಕು ಮುರಿದುಕೊಂಡ ಒಂದು ಕೊಕ್ಕರೆ.

"ಉಸ್ತಾದ್," ಅಂದರು ದುರ್ರಿಯ್ಯಾ, "ಇನ್ನೊಂದು ಬೋರ್ಡ್ ಬೇಕು. ಈ ಸಲ ಪ್ರಿಂಟ್..."

ಬಸ್ಯೂನಿ ಅವರ ಮುಖವನ್ನೇ ನೋಡಿ, "ಬೇಡ ಡಾಕ್ಟರ್, ನಾನೇ ಬರೀತೀನಿ," ಅಂದ. ಹೊಸ ಹಲಗೆ ತಂದು ಗೋಡೆಗೆ ಒರಗಿಸಿದ. ಬಣ್ಣದ ಡಬ್ಬಿ ತೆರೆದ. ಹಾಜ್ಜಾ, ಝಕಿ ಮೇಸ್ತ್ರಿ, ಉಮ್ಮ್ ಸಫ್ವತ್, ಬಣ್ಣದಂಗಡಿಯವನು, ಎಲ್ಲರೂ ಬೆನ್ನ ಹಿಂದೆ ಸಾಲಾಗಿ ನಿಂತರು. ಬಸ್ಯೂನಿ ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಖಾಲಿ ಹಲಗೆಯ ನಟ್ಟನಡುವೆ ದಪ್ಪದಪ್ಪ ಎರಡು ಚುಕ್ಕೆ ಇಟ್ಟ.

ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಅವುಗಳ ಕೆಳಗೆ ಯಾವ ಅಕ್ಷರ ಬರೆಯುವುದು ಎಂದು ಯೋಚಿಸುತ್ತ ನಿಂತ.